ಕಾವಲಿ ಬಿಸ್ಕತ್ತು ಯಾರದ್ದು

ಮೂಟೆಯ ಬಾಯಿ ಬಿಚ್ಚಿ ಕೈ ಹಾಕಿದೆ. ಅಂಗೈ ತುಂಬ ಮೈದಾ ಬಂತು. ಆ ಮೈದಾ ತಾನಾಗಿಯೇ ಅಲುಗಾಡುತ್ತಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಒಳಗೆಲ್ಲ ಬಿಳಿ ಹುಳು, ನಡುನಡುವೆ ಕೆಂಗಂದು ನುಸಿ, ಹಿಟ್ಟನ್ನು ಉಂಡೆ ಉಂಡೆಯಾಗಿ ಹಿಡಿದಿಟ್ಟ ಬಲೆಯಂಥ ನೂಲು. ಕೈ ಒದರಿದೆ. ಒಂದು ಹುಳು ಬೆರಳ ಸಂದಿಯಲ್ಲೇ ಉಳಿಯಿತು. ಅದನ್ನು ಗೋಡೆಗೆ ಒರೆಸಿ, ಸೀಗೆಪುಡಿ ಹಾಕಿ ಎರಡು ಸಲ ತೊಳೆದ ಮೇಲೂ ಆ ಕೈಯನ್ನು ಮೂಗಿನ ಹತ್ತಿರ ತರಲು ಮನಸ್ಸಾಗಲಿಲ್ಲ.

ನಾನಾಗ ಕೋಲಾರದ ಚಿನ್ನದ ಗಣಿಯಲ್ಲಿ, ಸಾಹೇಬರ ಕ್ಲಬ್ಬೊಂದರ ಕುಸಿನಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದೆ. ಬ್ರೆಡ್ಡು, ಬನ್ನು, ಬಿಸ್ಕತ್ತು ನನ್ನ ಪಾಲಿನ ಕೆಲಸ. ಊರು ಬಂಗಾರಪೇಟೆಯ ಪಕ್ಕದ ಹಳ್ಳಿ. ಅಣ್ಣಂದಿರು ಹೊಲ ನೋಡಿಕೊಂಡಿದ್ದರು. ನನ್ನ ಮೇಲೆ ಬಟ್ಲರ್ ಒಬ್ಬನಿದ್ದ. ದಂಡು ಪ್ರದೇಶದ ಬಂಗಲೆಗಳಲ್ಲಿ ಪಳಗಿದವನು, ಬಿಳಿ ಅಂಗಿಗೆ ಹಿತ್ತಾಳೆ ಗುಂಡಿ ಹಾಕಿಕೊಂಡು ಊಟದ ಮನೆಯಲ್ಲಿ ನಿಂತರೆ ದೊರೆಗಳಿಗೂ ಅವನನ್ನು ಕಂಡರೆ ಸ್ವಲ್ಪ ಅಳುಕು.

ಅವತ್ತು ಶನಿವಾರ. ಸಂಜೆ ನಾಲ್ಕಕ್ಕೆ ನಲವತ್ತು ಜನರಿಗೆ ಟೀ. ಬೆಂಗಳೂರಿನಿಂದ ಹೊಸ ಮೈದಾ ಬರುವುದು ಸೋಮವಾರದ ರೈಲಿಗೆ. ಬಟ್ಲರನ್ನು ಕರೆದು ಮೂಟೆ ತೋರಿಸಿದೆ.

"ಜರಡಿ ಹಿಡಿ ಕಣ್ಲಾ. ಹುಳ ಮೇಲೆ ನಿಂತ್ಕಂತದೆ, ಹಿಟ್ಟು ಕೆಳಗೆ ಬೀಳ್ತದೆ. ದೊರೆಗಳೇನು ಬಂದು ಎಣಿಸ್ತಾರಾ?" ಎಂದ.

"ವಾಸನೆ ನೋಡಿ ಬಟ್ಲರೇ."

"ವೆನಿಲಾ ಯಾತಕ್ಕೈತೆ? ಎರಡು ಹನಿ ಜಾಸ್ತಿ ಹಾಕು."

ಜರಡಿ ಹಿಡಿದೆ. ಹುಳು ನಿಜವಾಗಿಯೂ ಮೇಲೆ ನಿಂತವು. ಆದರೆ ಮೊಟ್ಟೆ, ಹಿಕ್ಕೆ, ಒಡೆದ ಹುಳುವಿನ ಹಸಿ ಎಲ್ಲ ಕೆಳಗೆ ಬಿದ್ದವು. ಹಿಟ್ಟು ಹಳದಿಯಾಗಿ ಕಮಟು ನಾರುತ್ತಿತ್ತು. ಹಿತ್ತಿಲ ಬಾಗಿಲಿಗೆ ಹೋಗಿ ಉಗಿದೆ.

ಅಲ್ಲಿ ಪಾತ್ರೆ ತಿಕ್ಕುವ ಹೆಂಗಸು ಕೂತಿದ್ದಳು. ಸುರಂಗದಲ್ಲಿ ಬಂಡೆ ಸಿಡಿದು ಅವಳ ಗಂಡ ಸತ್ತು ಮೂರು ವರ್ಷವಾಗಿತ್ತು. ಕೂಲಿ ಲೈನಿನಲ್ಲಿ, ಗಣಿಯಾಳುಗಳ ಸಾಲುಮನೆಗಳ ನಡುವೆ, ಬಿದಿರು ತಟ್ಟಿಯ ಮನೆ. ಕುಸಿನಿಯ ಹೊಸ್ತಿಲು ದಾಟಿ ಅವಳು ಒಳಗೆ ಬರುವಂತಿರಲಿಲ್ಲ. ಅದು ದೊರೆಗಳು ಹಾಕಿದ ಕಟ್ಟಲ್ಲ. ಒಳಗೆ ಕೆಲಸ ಮಾಡುತ್ತಿದ್ದ ನಾವೇ ಹಾಕಿದ್ದು. ಅವಳು ತಿಕ್ಕಿದ ಪಾತ್ರೆಯ ಮೇಲೆ ನಾವು ಇನ್ನೊಂದು ಸಲ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದೆವು. ಇದನ್ನು ಬರೆಯುವಾಗ ಈಗ ನಾಚಿಕೆಯಾಗುತ್ತದೆ. ಆಗ ಆಗಿರಲಿಲ್ಲ.

ಅವಳು ಬಾಗಿಲಿನಿಂದಲೇ ಜರಡಿ ನೋಡಿದಳು.

"ಸಾಮಿ, ಆ ಉಳದಿಟ್ಟು ಬ್ಯಾಡ. ನಮ್ಮನೇಲಿ ರಾಗಿ ಉರಿಟ್ಟು ಐತೆ, ನೆನ್ನೆ ಬೀಸಿದ್ದು. ತಂದ್ಕೊಡ್ಲಾ?"

"ರಾಗೀಲಿ ಬಿಸ್ಕತ್ತಾ?"

"ಬಿಸ್ಕತ್ತು ಗಿಸ್ಕತ್ತು ನಂಗೇನ್ ತಿಳಿತದೆ. ನಾವು ಬೆಲ್ಲ ಕಲ್ಸಿ ಕಾವಲೀಗೆ ಒತ್ತಿ, ಮುಚ್ಚಳದ ಮ್ಯಾಲೆ ಕೆಂಡ ಆಕ್ತೀವಿ. ಅಂಚು ಗರಿ ಅಂತದೆ, ನಡೂಕೆ ಮೆತ್ತಗಿರ್ತದೆ. ಬಿಸೀಲೇ ತಿನ್ಬೇಕು, ಆರಿದ್ರೆ ಕಲ್ಲು."

ಬೇರೆ ದಾರಿ ಇರಲಿಲ್ಲ. ಹೋಗಿ ತಾ ಎಂದೆ. ಅರ್ಧ ಗಂಟೆಯಲ್ಲಿ ತಗಡಿನ ಡಬ್ಬಿ ಹೊತ್ತುಕೊಂಡು ಬಂದಳು. ಮುಚ್ಚಳ ತೆಗೆದರೆ ಆಗ ತಾನೇ ಮರಳಲ್ಲಿ ಅರಳಿದ ರಾಗಿಯ ವಾಸನೆ. ಬೆರಳಿನಿಂದ ಮುಟ್ಟಿ ನೋಡಿದೆ, ಗಂಧದಷ್ಟು ನುಣುಪು.

ಎರಡು ಪಾಲು ಹಿಟ್ಟು, ಒಂದು ಪಾಲು ಬೆಣ್ಣೆ, ಒಂದು ಪಾಲು ಪುಡಿಬೆಲ್ಲ, ಮೊಟ್ಟೆಯ ಹಳದಿ, ಚಿಟಿಕೆ ಸೋಡಾ, ಒಣಶುಂಠಿ. ಮೊದಲು ಎಂದಿನಂತೆ ಬಿಲ್ಲೆ ತಟ್ಟಿ ತಗಡಿನ ಮೇಲಿಟ್ಟು ಒಲೆಯೊಳಗೆ ತಳ್ಳಿದೆ. ರಾಗಿಗೆ ಮೈದಾದ ಅಂಟಿಲ್ಲ. ಬೆಣ್ಣೆ ಕರಗಿದ್ದೇ ತಡ, ಬಿಲ್ಲೆಗಳೆಲ್ಲ ಹರಿದು ಒಂದಕ್ಕೊಂದು ಸೇರಿ ಸಗಣಿ ಸಾರಿಸಿದಂತಾದವು. ಬಟ್ಲರ್ ನೋಡಿ ಹಣೆ ಚಚ್ಚಿಕೊಂಡ. ಹೆಂಗಸು ಹೊಸ್ತಿಲ ಆಚೆಯಿಂದಲೇ, "ಕಾವಲಿ ಸಾಮಿ, ಕಾವಲಿ" ಎಂದಳು.

ಮೊಟ್ಟೆ ಹುರಿಯಲು ಇಟ್ಟಿದ್ದ ಅಂಗೈ ಅಗಲದ, ಅಂಚು ಎತ್ತರದ ಕಬ್ಬಿಣದ ಕಾವಲಿಗಳು ಅಟ್ಟದ ಮೇಲಿದ್ದವು. ಇಳಿಸಿ ಬೆಣ್ಣೆ ಸವರಿ ಹಿಟ್ಟು ಒತ್ತಿದೆ. ನಮ್ಮ ಒಲೆಗೂ ಒಂದು ಗುಣವಿತ್ತು. ನೆಲದಾಳದಲ್ಲಿ ಬಂಡೆ ಸಿಡಿದಾಗಲೆಲ್ಲ ಮೇಲಿನ ಇಟ್ಟಿಗೆ ಅದುರಿ, ಒಲೆಯ ತಳ ಬಿರುಕು ಬಿಟ್ಟಿತ್ತು. ಕಾವು ಮೇಲಿನಿಂದ ಬರುವಷ್ಟು ಕೆಳಗಿನಿಂದ ಬರುತ್ತಿರಲಿಲ್ಲ. ಬ್ರೆಡ್ಡಿಗೆ ಅದು ಶಾಪ. ಇದಕ್ಕೆ ಅದೇ ಸರಿಹೋಯಿತು. ಮೇಲೆ ಬಿರಿದು, ಅಂಚು ಕೆಂಪಾಗಿ, ನಡುವೆ ಬೆರಳಿಟ್ಟರೆ ಇಳಿಯುವಂತೆ ಬಂತು. ಕಾವಲಿ ಸಮೇತ ಹಲಗೆಯ ಮೇಲಿಟ್ಟು, ಒಂದೊಂದರ ಮೇಲೂ ಒಂದು ಚಮಚ ತಣ್ಣನೆ ಕೆನೆ ಹಾಕಿ ಕಳಿಸಿದೆ. ಕೆನೆ ಸಿರ್ ಎಂದು ಇಳಿಯುತ್ತಾ ಹೋಯಿತು.

ಹತ್ತು ನಿಮಿಷಕ್ಕೆ ಖಾಲಿ ಕಾವಲಿಗಳು ಹಿಂದಕ್ಕೆ ಬಂದವು. ಕೆಲವರು ಚಾಕುವಿನಲ್ಲಿ ತಳ ಕೆರೆದಿದ್ದರು.

ನಾನು ಮಾತ್ರ ರುಚಿ ನೋಡಲಿಲ್ಲ. ಒಲೆಯವನು ತಾನು ಮಾಡಿದ್ದನ್ನು ಬಾಯಿಗೆ ಹಾಕದೆ ಕಳಿಸುವುದುಂಟೇ? ಕಳಿಸಿದೆ. ಹುಳು ಹಿಡಿದ ಹಿಟ್ಟಿಗೆ ಹೇಸಿದವನೇ ಶುಭ್ರವಾದ ಆ ಹಿಟ್ಟಿಗೂ ಹೇಸಿದ್ದೆ. ಕಾರಣ ಬೇರೆ, ಅಷ್ಟೆ.

ಆಮೇಲೆ ವಾರಕ್ಕೆರಡು ಸಲ ಕಾವಲಿ ಬಿಸ್ಕತ್ತು ಆಗಲೇಬೇಕು ಎಂದು ಅಪ್ಪಣೆಯಾಯಿತು. ಮೈದಾದಲ್ಲಿ ಮಾಡಿ ನೋಡಿದೆವು, ಬರಲಿಲ್ಲ. ಹಿಟ್ಟು ಅವಳ ಮನೆಯಿಂದಲೇ ಬರುತ್ತಿತ್ತು. ಮೊದಲ ವಾರವೇ ಕ್ಲಬ್ಬಿನ ಕಾರ್ಯದರ್ಶಿ ಸಾಹೇಬರು ಇದು ಯಾರ ಕೈಕೆಲಸ ಎಂದು ಕೇಳಿದಾಗ ಬಟ್ಲರ್ ತಲೆ ಬಗ್ಗಿಸಿ, ತನ್ನ ತಾತ ಮದರಾಸಿನಲ್ಲಿ ಯಾವುದೋ ದೊಡ್ಡ ದೊರೆಗೆ ಮಾಡಿ ಬಡಿಸುತ್ತಿದ್ದ ತಿನಿಸು ಎಂದ. ನಾನು ಬಾಗಿಲ ಹಿಂದೆ ಟ್ರೇ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ಹಿಟ್ಟು ಎಲ್ಲಿಂದ ಬರುತ್ತದೆ ಎನ್ನುವುದು ಹೊರಬಿದ್ದರೆ ನಮ್ಮ ಕಡೆಯವರು ನನ್ನನ್ನು ಪಂಕ್ತಿಗೆ ಕೂರಿಸುತ್ತಾರೋ ಇಲ್ಲವೋ ಎಂಬ ಅಂಜಿಕೆ. ಅವನ ಸುಳ್ಳು ನನಗೂ ನೆರಳಾಯಿತು.

ಕಾರ್ಯದರ್ಶಿ ಸಾಹೇಬರ ಹೆಂಡತಿಗೆ ಇದನ್ನು ಸಹಿಸಲಾಗಲಿಲ್ಲ. ಇದು ತಮ್ಮ ದೇಶದ ತಿನಿಸು, ಅಲ್ಲಿಯ ಗಣಿ ಕೆಲಸಗಾರರಿಗೆ ತಮ್ಮ ಅಜ್ಜಿ ಕಬ್ಬಿಣದ ಕಾವಲಿಯಲ್ಲೇ ಮಾಡಿ ಕೊಡುತ್ತಿದ್ದಳು, ತಾವು ಹೇಳಿದ್ದನ್ನು ಕೇಳಿಸಿಕೊಂಡು ಬಟ್ಲರ್ ಕಲಿತಿದ್ದಾನೆ ಎಂದು ಟೀ ಮೇಜಿನಲ್ಲಿ ಹೇಳತೊಡಗಿದರು. ಅವರ ದೇಶದಲ್ಲಿ ರಾಗಿ ಎಲ್ಲಿ ಬೆಳೆಯುತ್ತದೆ ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಬಂಗಾರಪೇಟೆಯಲ್ಲಿ, ರೈಲು ಪ್ರಯಾಣಿಕರಿಗೆ ಊಟ ಒದಗಿಸುತ್ತಿದ್ದ ಕಂಟ್ರಾಕ್ಟರೊಬ್ಬ ಅದನ್ನೇ ಹೋಲುವ ಸರಕು ಮಾಡಿ ಬಡಿಸಲು ಶುರು ಮಾಡಿದ. ಮೊದಲು ಮಾಡಿದ್ದು ತಾನು, ಕ್ಲಬ್ಬಿನವರು ತನ್ನ ಅಡುಗೆಯವನಿಂದ ಕದ್ದಿದ್ದಾರೆ ಎಂದು ಅವನು ಬರುವವರ ಹೋಗುವವರ ಹತ್ತಿರವೆಲ್ಲ ಹೇಳಿದ. ಆ ಮಾತು ಎರಡು ದಿನದಲ್ಲಿ ನಮ್ಮ ಊಟದ ಮನೆ ಮುಟ್ಟಿತು.

ದೊಡ್ಡವರು ಒಂದು ಬಿಸ್ಕತ್ತಿಗಾಗಿ ಹೀಗೆ ಕಚ್ಚಾಡುವುದನ್ನು ನಾನು ಹಿಂದೆ ಕಂಡಿರಲಿಲ್ಲ. ಚೀಟಿಗಳು ಓಡಾಡಿದವು. ಕೊನೆಗೆ ಕಾರ್ಯದರ್ಶಿ ಸಾಹೇಬರು ಒಂದು ತೀರ್ಮಾನ ಮಾಡಿದರು. ಮುಂದಿನ ಭಾನುವಾರ ಮಧ್ಯಾಹ್ನ ಕ್ಲಬ್ಬಿನಲ್ಲಿ ದೊಡ್ಡ ಊಟ. ಕಂಟ್ರಾಕ್ಟರನನ್ನೂ ಕರೆಸುವುದು. ಎಲ್ಲರೂ ತಿಂದು, ಯಾರದು ಮೂಲ ಎಂದು ಹೇಳಿ, ಕ್ಲಬ್ಬಿನ ಪುಸ್ತಕದಲ್ಲಿ ಬರೆದಿಡುವುದು.

ಬಟ್ಲರ್ ತನ್ನದೇ ಒಂದು ಗುರುತು ಇರಬೇಕೆಂದು ಹಟ ಹಿಡಿದ. "ಕೆನೆ ಯಾರು ಬೇಕಾದ್ರೂ ಹಾಕ್ತಾರೆ. ನಾನು ನಿಂಬೆ ಕಸ್ಟರ್ಡ್ ಹಾಕ್ತೀನಿ. ಅದು ಆ ಬಂಗಾರಪೇಟೆಯವನ ಅಪ್ಪನಿಗೂ ಬರಕಿಲ್ಲ" ಎಂದ. ಮೊಟ್ಟೆ, ಸಕ್ಕರೆ, ಬೆಣ್ಣೆ, ನಿಂಬೆರಸ ಸೇರಿಸಿ ಸಣ್ಣ ಉರಿಯಲ್ಲಿ ತಿರುವಿ ಗಟ್ಟಿ ಮಾಡುವ ಮೇಲೋಗರ ಅದು. ಶನಿವಾರ ಸಂಜೆ ಅವನೇ ನಿಂತು ಮಾಡಿದ. ಪಿಂಗಾಣಿ ಬೋಗುಣಿಗಳು ಸಾಲದೆ ದೊಡ್ಡ ತಾಮ್ರದ ಪಾತ್ರೆ ಇಳಿಸಿದ.

ಆ ಪಾತ್ರೆಯ ಕಲಾಯಿ ಹೋಗಿ ತಿಂಗಳಾಗಿತ್ತು. ತಳದಲ್ಲಿ ಅಲ್ಲಲ್ಲಿ ತವರ ಉಳಿದಿತ್ತು, ಮಿಕ್ಕದ್ದೆಲ್ಲ ಬರಿಯ ಕೆಂಪು ತಾಮ್ರ. ಕಲಾಯಿಗೆ ಕಳಿಸಬೇಕೆಂದು ನಾನು ಎರಡು ಸಲ ಹೇಳಿದ್ದೆ.

"ಬಟ್ಲರೇ, ಹುಳಿ ಪದಾರ್ಥ. ಆ ಪಾತ್ರೇಲಿ ಬೇಡ. ಕಿಲುಬು ಹಿಡೀತದೆ."

"ನಿಮ್ಮೂರಲ್ಲಿ ಹುಣಸೆಹುಳಿ ಕುದಿಸೋನು ನಂಗೆ ಕಸ್ಟರ್ಡ್ ಹೇಳಿಕೊಡ್ತೀಯಾ? ನಿನ್ನ ಒಲೆ ನೀನು ನೋಡ್ಕೊ ಕಣ್ಲಾ."

ಮಾಡಿ ಮುಗಿಸಿದ ಮೇಲೆ ಬೋಗುಣಿಗೆ ಬಗ್ಗಿಸುತ್ತಾನೆ ಎಂದುಕೊಂಡಿದ್ದೆ. ಬಗ್ಗಿಸಲಿಲ್ಲ. ತಣ್ಣಗಿರಲೆಂದು ಅದೇ ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ ಬಿಟ್ಟ. ಭಾನುವಾರ ಹನ್ನೊಂದಕ್ಕೆ ಬಟ್ಟೆ ತೆಗೆದಾಗ ನಾನು ಪಕ್ಕದಲ್ಲೇ ಇದ್ದೆ. ಹಳದಿ ಕಸ್ಟರ್ಡಿನ ಅಂಚಿಗೆ ಸುತ್ತಲೂ ಹಸಿರು ಗೆರೆ, ಹೊಂಡದ ಪಾಚಿಯ ಬಣ್ಣ. ಬಟ್ಲರ್ ಹೆಗಲ ಮೇಲಿನ ಬಟ್ಟೆಯ ತುದಿಯಿಂದ ಅದನ್ನು ಸುತ್ತಲೂ ಒರೆಸಿದ. ಆ ಬಟ್ಟೆಯಲ್ಲೇ ಬೆಳಗಿನಿಂದ ಅವನು ಮುಖದ ಬೆವರು ಒರೆಸಿಕೊಂಡಿದ್ದ. ಆಮೇಲೆ ಸೌಟಿನಿಂದ ಕದಡಿ, "ಹೂಂ, ಹೊರಡಲಿ" ಎಂದ.

ನಾನು ನೋಡಿದೆ. ನೋಡಿಯೂ ಕಾವಲಿಗಳನ್ನು ಸಾಲಾಗಿ ಕೊಟ್ಟೆ. ನನ್ನ ಒಲೆ ನಾನು ನೋಡಿಕೊಂಡೆ.

ಊಟ ಮುಗಿದು ಅರ್ಧ ಗಂಟೆಯೊಳಗೆ ಶುರುವಾಯಿತು. ಮೊದಲು ಒಬ್ಬ ಮುದಿ ಸಾಹೇಬ ವರಾಂಡದ ಕಂಬ ಹಿಡಿದು ವಾಂತಿ ಮಾಡಿದ. ಆಮೇಲೆ ಇಬ್ಬರು ಹೆಂಗಸರು, ಆಮೇಲೆ ಲೆಕ್ಕವಿಲ್ಲ. ಹುಲ್ಲುಹಾಸಿನ ಮೇಲೆ, ಹೂಕುಂಡಗಳಲ್ಲಿ, ಬಿಲಿಯರ್ಡ್ಸ್ ಮೇಜಿನ ಪಕ್ಕದಲ್ಲಿ. ಹಸಿರು ಮಿಶ್ರಿತ ಹಳದಿ. ಹುಳಿ ನಾತ ಇಡೀ ಕಟ್ಟಡ ತುಂಬಿತು. ಗಣಿ ಆಸ್ಪತ್ರೆಯಿಂದ ವೈದ್ಯರು ಬಂದರು. ನಮ್ಮ ಕಡೆಯವರೇ, ಮೈಸೂರಿನವರು. ಹಾಲು, ಮೊಟ್ಟೆಯ ಬಿಳಿ ಕುಡಿಸಲು ಹೇಳಿದರು. ನಾವು ಬಕೆಟ್ಟು ಹೊತ್ತು ಓಡಾಡಿದೆವು. ದೇವರ ದಯೆ, ಸಂಜೆಯ ಹೊತ್ತಿಗೆ ಎಲ್ಲರೂ ಸುಧಾರಿಸಿಕೊಂಡರು.

ಆದರೆ ನನಗೆ ನಿಜವಾಗಿ ಹೇಸಿಗೆ ಎನ್ನಿಸಿದ್ದು ಆ ವಾಂತಿಯಲ್ಲ. ನೆಲ ಒರೆಸುತ್ತಾ ಕಿವಿಗೆ ಬಿದ್ದ ಮಾತು. ಒಂದೇ ಗಂಟೆಯಲ್ಲಿ ಆ ಬಿಸ್ಕತ್ತಿಗೆ ತಂದೆತಾಯಿ ಇಲ್ಲವಾಗಿತ್ತು. ಮೇಮ್‌ಸಾಹೇಬರು ಸೋಫಾದಲ್ಲಿ ಮಲಗಿಕೊಂಡೇ, ತಮ್ಮ ಅಜ್ಜಿ ಮಾಡುತ್ತಿದ್ದುದು ಬೇರೆ, ಇಂಥ ಕೊಳಕು ತಿನಿಸಲ್ಲ ಎಂದರು. ಕಂಟ್ರಾಕ್ಟರ್ ಹೊಟ್ಟೆ ಹಿಡಿದುಕೊಂಡು ಮಧ್ಯಾಹ್ನದ ಗಾಡಿಗೇ ಓಡಿಹೋಗಿದ್ದ. ತನ್ನ ಅಂಗಡಿಯಲ್ಲಿ ಇದನ್ನು ಎಂದೂ ಮಾಡಿಲ್ಲ ಎಂದು ಹೇಳಿ ಕಳಿಸಿದ. ಬಟ್ಲರ್ ಕಾರ್ಯದರ್ಶಿ ಸಾಹೇಬರ ಕಾಲ ಬುಡದಲ್ಲಿ ಕೂತು ಅಳುತ್ತಿದ್ದ. "ನಾನಲ್ಲ ದೊರೆ. ಆ ಲೈನಿನ ಹೆಂಗಸು ಇದನ್ನ ಕುಸಿನಿಗೆ ತಂದವಳು. ಅವಳ ಹಿಟ್ಟು. ಅವಳ ಮನೆ ಹೊಲಸು ನೋಡಿದ್ರೆ ನೀವು ಮೂರ್ಛೆ ಹೋಗ್ತೀರಿ" ಎಂದ.

ಎರಡು ತಿಂಗಳು ಯಾರ ಬಾಯಲ್ಲೂ ಬಾರದಿದ್ದ ಸತ್ಯ ಆಗ ಬಂತು.

ಅವಳ ಡಬ್ಬಿಯನ್ನು ಕಸಿದುಕೊಂಡು ಮೊಹರು ಮಾಡಿದರು. ಅವಳನ್ನು ಗೇಟಿನ ಆಚೆ ತಳ್ಳಿದರು. ಬೆಳಿಗ್ಗೆ ವಿಚಾರಣೆ, ಆಮೇಲೆ ಪೊಲೀಸರಿಗೆ ಒಪ್ಪಿಸುವುದು ಎಂದಾಯಿತು. ಬಟ್ಲರ್ ನನ್ನನ್ನು ಪಕ್ಕಕ್ಕೆ ಕರೆದ. ಕಣ್ಣೀರು ಆಗಲೇ ಆರಿತ್ತು.

"ನಾಳೆ ಹತ್ತಕ್ಕೆ ದೊರೆ ಕೇಳ್ತಾರೆ. ಹಿಟ್ಟಲ್ಲಿ ಹುಳ ಇತ್ತು, ನಾನೇ ಕಂಡೆ ಅನ್ನು. ಅಷ್ಟೇ. ನಂಗೆ ಇನ್ನೆರಡು ವರ್ಷ, ಆಮೇಲೆ ಈ ಗುಂಡಿ ಅಂಗಿ ನಿಂದೇ."

"ಹುಳ ಇದ್ದಿದ್ದು ಮೈದಾದಲ್ಲಿ."

"ಯಾವ ಹಿಟ್ಟಾದ್ರೇನು, ಹುಳ ಹುಳಾನೇ."

ನಾನು ಹೂಂ ಎಂದೆ. ಬರೆಯುವುದಕ್ಕೆ ಕಷ್ಟವಾಗುತ್ತದೆ, ಆದರೂ ಎಂದೆ. ಅವನನ್ನು ಎದುರು ಹಾಕಿಕೊಂಡು ಕುಸಿನಿಯಲ್ಲಿ ಉಳಿದವರನ್ನು ನಾನು ಕಂಡಿರಲಿಲ್ಲ.

ಸೋಮವಾರ ಬೆಳಗಾಗುತ್ತಲೇ ಕುಸಿನಿಗೆ ಹೋದೆ. ತಾಮ್ರದ ಪಾತ್ರೆ ಗೂಟದಲ್ಲಿರಲಿಲ್ಲ. ನೀರು ಹೊರುವವನನ್ನು ಕೇಳಿದರೆ, ಬಟ್ಲರ್ ಬೆಳಕು ಹರಿಯುವಾಗಲೇ ಅದನ್ನು ಆಂಡರ್ಸನ್‌ಪೇಟೆಗೆ ಕಲಾಯಿಗೆ ಕಳಿಸಿದ ಎಂದ. ತಿಂಗಳಿಂದ ಹೋಗದ ಪಾತ್ರೆ ಇವತ್ತು ಹೋಗಿತ್ತು. ಅಲ್ಲೇ ನಿಂತುಕೊಂಡೆ. ಕಲಾಯಿಯವನು ಒಂದು ಸಲ ಬೆಂಕಿಗೆ ಹಿಡಿದು ನವಸಾಗರ ಹಾಕಿ ತವರ ಬಳಿದರೆ ಅದು ಬೆಳ್ಳಿಯ ಹಾಗೆ ಹೊಳೆಯುತ್ತದೆ. ಆಮೇಲೆ ಅವಳ ಹಿಟ್ಟೊಂದೇ ಉಳಿಯುತ್ತದೆ, ಅದರ ಮೇಲೆ ನನ್ನ ಮಾತು.

ಓಡಿದೆ. ಬೆಳಗಿನ ಪಾಳಿಯವರು ಎದುರಿಗೆ ಸಾಲಾಗಿ ಬರುತ್ತಿದ್ದರು. ಅವರ ನಡುವೆ ನುಗ್ಗಿಕೊಂಡು ಓಡಿದೆ. ಆಂಡರ್ಸನ್‌ಪೇಟೆಯ ಸಂದಿಯಲ್ಲಿ ಕಲಾಯಿಯ ಸಾಬರು, ಗಡ್ಡದ ವಯಸ್ಸಾದವರು, ತಿದಿ ಒತ್ತುತ್ತಾ ಕೂತಿದ್ದರು. ಇದ್ದಿಲು ಕೆಂಪಾಗಿತ್ತು. ನಮ್ಮ ಪಾತ್ರೆ ಪಕ್ಕದಲ್ಲಿ ಓರೆಯಾಗಿ ಬಿದ್ದಿತ್ತು. ಒಳಗಡೆ ಹುಣಸೆಹಣ್ಣು, ಬೂದಿ ಹಾಕಿ ಯಾರೋ ಚೆನ್ನಾಗಿ ತಿಕ್ಕಿದ್ದರು.

"ಬಾಬಾ, ಇದನ್ನ ಈಗಲೇ ಒಲೆಗಿಡಬೇಡಿ."

"ಯಾಕಪ್ಪಾ? ಬೆಳಿಗ್ಗೇನೇ ಬೇಕು ಅಂತ ಬಟ್ಲರ್ ಹೇಳಿ ಕಳಿಸವ್ರೆ."

ಕೇಳಿದ್ದಕ್ಕೆ ಉತ್ತರ ಹೇಳದೆ ಪಾತ್ರೆಯನ್ನು ಎತ್ತಿ ಬಿಸಿಲಿಗೆ ಹಿಡಿದೆ. ಬಾಯಿಯ ಅಂಚನ್ನು ಹೊರಕ್ಕೆ ಮಡಿಸಿದ್ದರು. ಮಡಿಕೆಯ ಒಳಗೆ, ಹಿಡಿಯ ಮೊಳೆಗಳ ಸುತ್ತ, ತಿಕ್ಕುವ ಕೈಗೆ ಸಿಗದ ಕಡೆ, ಒಣಗಿದ ಕಸ್ಟರ್ಡ್ ಇನ್ನೂ ಅಂಟಿಕೊಂಡಿತ್ತು. ಕಡು ಹಸಿರು.

ಮುದುಕರು ಕಣ್ಣು ಕಿರಿದು ಮಾಡಿ ನೋಡಿದರು. "ಇದರಲ್ಲಿ ಹುಳಿ ಮಾಡಿದ್ರಾ? ಯಾವ ಪಾಪಿ?" ಎಂದರು.

ಹಿಂದಿನ ದಿನ ಹೂಂ ಎಂದಿದ್ದನ್ನು ವಾಪಸು ತೆಗೆದುಕೊಳ್ಳಲು ಮನಸ್ಸು ಮಾಡಿದ್ದು ಆ ಸಂದಿಯಲ್ಲಿ. ಧೈರ್ಯ ಬಂತು ಎಂದು ಹೇಳಲಾರೆ. ಇನ್ನು ಮೇಲೆ ಆ ಮನುಷ್ಯನ ಪಕ್ಕದಲ್ಲಿ ನಿಂತು ಹಿಟ್ಟು ನಾದುವುದು ನನ್ನಿಂದಾಗದು ಎನ್ನಿಸಿತು, ಅಷ್ಟೆ. ಪಾತ್ರೆಯನ್ನು ಗೋಣಿಚೀಲದಲ್ಲಿ ಸುತ್ತಿ ಹೆಗಲಿಗೆ ಹಾಕಿದೆ.

ಬಿಲಿಯರ್ಡ್ಸ್ ಕೋಣೆಯಲ್ಲಿ ವಿಚಾರಣೆ. ಕಾರ್ಯದರ್ಶಿ ಸಾಹೇಬರು, ಅವರ ಪಕ್ಕ ವೈದ್ಯರು, ಗೋಡೆಗೆ ಒರಗಿ ಬಟ್ಲರ್. ಹೆಂಗಸನ್ನು ವರಾಂಡದ ಮೆಟ್ಟಿಲ ಕೆಳಗೆ ನಿಲ್ಲಿಸಿದ್ದರು. ಮೇಜಿನ ಮೇಲೆ ಅವಳ ಡಬ್ಬಿ. ಕೋಣೆಯಲ್ಲಿ ಫಿನೈಲಿನ ನಾತ.

ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ವೈದ್ಯರು ಕನ್ನಡದಲ್ಲಿ ಹೇಳಿದರು. "ಈ ಹಿಟ್ಟಿನಲ್ಲಿ ಹುಳು ಇದ್ದುದನ್ನು ನೀನು ಕಂಡೆಯಂತೆ. ಹೌದೇ?"

ಬಟ್ಲರ್ ನನ್ನನ್ನೇ ನೋಡುತ್ತಿದ್ದ.

"ಇಲ್ಲ ಸ್ವಾಮಿ. ಹುಳ ಇದ್ದಿದ್ದು ಉಗ್ರಾಣದ ಮೈದಾದಲ್ಲಿ. ಈ ಹಿಟ್ಟು ಚೆನ್ನಾಗಿದೆ."

"ಚೆನ್ನಾಗಿದೆ ಎನ್ನುವುದಕ್ಕೆ ಏನು ಆಧಾರ?"

ನನಗೆ ಬೇರೇನೂ ತೋಚಲಿಲ್ಲ. ಡಬ್ಬಿಯ ಮೊಹರು ಕಿತ್ತು, ಮುಚ್ಚಳ ತೆಗೆದು, ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಒಣಹಿಟ್ಟು ಗಂಟಲಿಗೆ ಅಂಟಿತು. ಕೆಮ್ಮುತ್ತಾ ಇನ್ನೊಂದು ಹಿಡಿ ತೆಗೆದೆ. ಕಣ್ಣಲ್ಲಿ ನೀರು ಬಂತು. ಎರಡು ತಿಂಗಳಲ್ಲಿ ನಾನು ಅದನ್ನು ತಿಂದದ್ದು ಅದೇ ಮೊದಲು. ನಮ್ಮವ್ವ ಮಾಡುತ್ತಿದ್ದ ಹುರಿಹಿಟ್ಟಿಗೂ ಅದಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ.

"ನೀರು ಕೊಡಿ ಅವನಿಗೆ" ಎಂದರು ವೈದ್ಯರು.

ಆಮೇಲೆ ಗೋಣಿ ಬಿಚ್ಚಿ ಪಾತ್ರೆ ಮುಂದಿಟ್ಟೆ. ಶನಿವಾರ ಸಂಜೆಯಿಂದ ನಡೆದದ್ದನ್ನೆಲ್ಲ ಹೇಳಿದೆ. ಹಸಿರು ಗೆರೆಯನ್ನು ನಾನೂ ಕಂಡಿದ್ದೆ, ಕಂಡೂ ಸುಮ್ಮನಿದ್ದೆ ಎಂಬುದನ್ನೂ ಬಿಡಲಿಲ್ಲ. ಬಟ್ಲರ್ ನಡುವೆಯೇ ಕೂಗಿದ. "ಸುಳ್ಳು! ಅವನು ಕ್ಲಬ್ ಪಾತ್ರೆ ಕದ್ಕೊಂಡು ಓಡಿದ್ದ. ಹಸಿರು ಪಾಚಿ ಹೊರಗೆ ಹಿಡಿದಿರಬೇಕು."

ವೈದ್ಯರು ಒಂದು ಗಾಜಿನ ಲೋಟ, ಸ್ವಲ್ಪ ವಿನೆಗರ್, ತುಕ್ಕಿಲ್ಲದ ಒಂದು ಕಬ್ಬಿಣದ ಚಾಕು ತರಿಸಿದರು. ಮಡಿಕೆಯಲ್ಲಿ ಅಂಟಿದ್ದ ಹಸಿರು ಕಸ್ಟರ್ಡನ್ನು ಕೆರೆದು ಲೋಟಕ್ಕೆ ಹಾಕಿ ವಿನೆಗರಿನಲ್ಲಿ ಕದಡಿದರು. ಚಾಕುವಿನ ಅಲಗನ್ನು ಮರಳು ಕಾಗದದಿಂದ ಉಜ್ಜಿ ಅದರೊಳಗೆ ನಿಲ್ಲಿಸಿದರು. ಇನ್ನೊಂದು ಲೋಟದಲ್ಲಿ ಅವಳ ಹಿಟ್ಟು, ಅದೇ ವಿನೆಗರ್, ಇನ್ನೊಂದು ಚಾಕು. ಗೋಡೆ ಗಡಿಯಾರ ನೋಡುತ್ತಾ ಹತ್ತು ನಿಮಿಷ ಬಿಟ್ಟರು. ಮೊದಲನೆಯ ಚಾಕುವನ್ನು ಹೊರತೆಗೆದು ಒರೆಸದೆ ಕಿಟಕಿಯ ಹತ್ತಿರ ಹಿಡಿದರು. ಮುಳುಗಿದ್ದಷ್ಟು ಭಾಗಕ್ಕೆ ಹೊಸ ಕಾಸಿನ ಹಾಗೆ ಕೆಂಪು ತಾಮ್ರ ಹತ್ತಿತ್ತು. ಎರಡನೆಯದು ಇದ್ದ ಹಾಗೇ ಇತ್ತು.

"ತಾಮ್ರದ ವಿಷ" ಎಂದು ನನ್ನ ಕಡೆ ತಿರುಗಿ ಹೇಳಿ, ಸಾಹೇಬರಿಗೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ವಿವರಿಸಿದರು.

ಆ ಬಿಸ್ಕತ್ತಿನಲ್ಲಿ ಬಟ್ಲರನದು ಎಂದು ಹೇಳಬಹುದಾದದ್ದು ಒಂದೇ ಒಂದು ಇತ್ತು. ಅದು ಆ ಲೋಟದಲ್ಲಿತ್ತು.

ನಾನು ಏನೋ ಆಗುತ್ತದೆ ಎಂದು ಕಾದೆ. ಸಾಹೇಬರು ಪೈಪಿನ ಬೂದಿ ಕೊಡವಿದರು. ವೈದ್ಯರ ಮುಖ ಬಾಡಿತು. ಅವರು ಕನ್ನಡದಲ್ಲಿ ಹೇಳಿದ್ದು ಇಷ್ಟು: ಯಾರೂ ಸತ್ತಿಲ್ಲ. ಕ್ಲಬ್ಬಿನ ಹೆಸರು ಕೆಡಬಾರದು. ಪೊಲೀಸರಿಗೆ ಹೇಳುವುದಿಲ್ಲ. ಬಟ್ಲರ್ ಹಳೆಯ ಆಳು, ಎಚ್ಚರಿಕೆ ಕೊಟ್ಟು ಬಿಡುವುದು. ಹೆಂಗಸು ನಾಳೆಯಿಂದ ಕೆಲಸಕ್ಕೆ ಬರಬಹುದು. ನಾನು ಅಪ್ಪಣೆಯಿಲ್ಲದೆ ಪಾತ್ರೆ ತಂದದ್ದನ್ನೂ ಮನ್ನಿಸಲಾಗಿದೆ. ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕು.

ಬಟ್ಲರ್ ಆಗಲೇ ಸಲಾಮು ಹೊಡೆದು ಬಿಸಿನೀರು ತರಲು ಹೊರಟಿದ್ದ. ನನ್ನ ಪಕ್ಕದಲ್ಲಿ ಹಾದುಹೋಗುವಾಗ, "ಬಾರಲಾ, ಬ್ರೆಡ್ಡು ಹುದುಗು ಬಂದೈತೆ" ಎಂದ. ಏನೂ ಆಗೇ ಇಲ್ಲವೆಂಬಂತೆ.

ಸೊಂಟಕ್ಕೆ ಕಟ್ಟಿಕೊಂಡಿದ್ದ ಕುಸಿನಿಯ ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟೆ. ಕೆಲಸ ಬಿಟ್ಟೆ ಎಂದು ವೈದ್ಯರಿಗೆ ಹೇಳಿದೆ. ಅವರು ತಡೆಯಲಿಲ್ಲ.

ಅವತ್ತೇ ಮಧ್ಯಾಹ್ನ ಅವಳ ಮನೆ ಹುಡುಕಿಕೊಂಡು ಲೈನಿಗೆ ಹೋದೆ. ತಟ್ಟಿ ಗೋಡೆಗೆ ಮಣ್ಣು ಮೆತ್ತಿ ಸುಣ್ಣ ಬಳಿದಿದ್ದಳು. ನೆಲ ಸಾರಿಸಿ ಅಂಚಿಗೆ ಕೆಮ್ಮಣ್ಣಿನ ಗೆರೆ ಎಳೆದಿದ್ದಳು. ಬಾಗಿಲಲ್ಲಿ ಬೀಸುಕಲ್ಲು. ನನ್ನನ್ನು ಕಂಡು ಎದ್ದು ನಿಂತಳು. ಕುಸಿನಿಯಲ್ಲಿ ಸಾಮಿ ಎನ್ನುತ್ತಿದ್ದವಳು ತನ್ನ ಬಾಗಿಲಲ್ಲಿ ತನ್ನ ತಮಿಳಿನಲ್ಲೇ ತಮ್ಮಾ ಎಂದು ಕರೆದಳು.

"ವಾ ತಂಬಿ. ಕುಂತ್ಕೊ."

"ಅಮ್ಮಾ, ನೀನು ಅಲ್ಲಿಗೆ ಹೋಗಬೇಡ. ನಾನು ಬಿಟ್ಟೆ. ಅವರ ಎಂಜಲು ತಿಕ್ಕೋದು ಬೇಡ."

ಅವಳು ಬೀಸುಕಲ್ಲಿನ ಸುತ್ತ ಚೆಲ್ಲಿದ್ದ ಹಿಟ್ಟನ್ನು ಒಟ್ಟುಮಾಡಿದಳು.

"ನೀನು ಬುಟ್ಟಿದ್ದು ಒಳ್ಳೇದಾಯ್ತು. ನಿಂಗೆ ಊರೈತೆ, ಅಣ್ಣತಮ್ಮಂದಿರು ಅವ್ರೆ, ರಾಗಿ ಕಣಜ ಐತೆ. ನಿಂಗೆ ಅಸಯ್ಯ ಪಟ್ಕೊಳ್ಳಾಕೆ ಆಗ್ತದೆ. ನಂಗೆಲ್ಲೈತೆ? ಗಂಡ ಸತ್ತ ಮೇಲೆ ಈ ಮನೇಲಿ ಇರಾಕೆ ಬಿಟ್ಟಿರೋದೇ ಕ್ಲಬ್ ಕೆಲಸ ಮಾಡ್ತೀನಿ ಅಂತ. ನಾಳೆ ಓಗ್ತೀನಿ."

"ಆ ಬಟ್ಲರ್ ನಿನ್ನನ್ನ ಜೈಲಿಗೆ ಕಳಿಸ್ತಿದ್ದ."

"ಅವನು ಕಳಿಸ್ತಿದ್ದ. ನೀನೂ ಸುಮ್ನಿದ್ದೆ, ಅಲ್ವಾ? ಎರಡು ತಿಂಗಳು." ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬಂತು ಎಂದಷ್ಟೇ ಸಹಜವಾಗಿ ಹೇಳಿದಳು. "ನೆನ್ನೆ ಮಾತಾಡಿದ್ದಿದ್ರೆ ಯಾರೂ ಕಕ್ತಿರ್ಲಿಲ್ಲ."

ಅವಳು ಒಂದು ಲೋಟ ನೀರು ತಂದು ನನ್ನ ಮುಂದೆ, ನೆಲದ ಮೇಲಿಟ್ಟಳು, ಕೈಗೆ ಕೊಡಲಿಲ್ಲ. ಎತ್ತಿಕೊಂಡು ಕುಡಿದೆ. ಮಾರನೆಯ ದಿನ ಅವಳು ಹಿತ್ತಿಲ ಬಾಗಿಲಿಗೆ ಹೋದಳು. ನಾನು ಬಂಗಾರಪೇಟೆಯ ರೈಲು ಹತ್ತಿದೆ.

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ನಮ್ಮವರದೇ ಒಂದು ಹೋಟೆಲಿತ್ತು. ಅಲ್ಲಿ ಒಲೆಗೆ ಸೇರಿಕೊಂಡೆ. ಕೆಲವು ತಿಂಗಳಾದ ಮೇಲೆ ಕ್ಲಬ್ಬಿನಲ್ಲಿ ಆ ಬಿಸ್ಕತ್ತು ಮತ್ತೆ ಶುರುವಾಗಿದೆ, ಪುಸ್ತಕದಲ್ಲಿ ಮೇಮ್‌ಸಾಹೇಬರ ಅಜ್ಜಿಯ ಹೆಸರಿಗೆ ಬರೆದಿದ್ದಾರೆ ಎಂದು ಕೇಳಿದೆ. ಮಾಲೀಕನಿಗೂ ಆಸೆಯಾಯಿತು. "ನಿಂಗೆ ಬರ್ತದಲ್ಲ, ಮಾಡಪ್ಪಾ. ದೊರೆಗಳು ತಿನ್ನೋದು ಅಂದ್ರೆ ಜನ ಮುಗಿಬೀಳ್ತಾರೆ" ಎಂದ. ಮಾಡಿದೆ. ಜನ ಬಂದರು. ಯಾರಾದರೂ ಇದು ಯಾರು ಕಂಡುಹಿಡಿದದ್ದು ಎಂದು ಕೇಳಿದರೆ ಮೇಮ್‌ಸಾಹೇಬರು ಅನ್ನು ಎಂದು ಅವನು ಹೇಳಿಕೊಟ್ಟ. ನಾನು ಇದ್ದದ್ದನ್ನು ಹೇಳುತ್ತಿದ್ದೆ. ಹೆಚ್ಚಿನವರು ಕೇಳಿಸಿಕೊಳ್ಳದೆ ತಿನ್ನುತ್ತಿದ್ದರು.

ಒಂದು ಸಲ ಜರಿಶಾಲಿನ ಹಿರಿಯರೊಬ್ಬರು ಬಂದರು. ಎರಡು ಹೇಳಿದರು. ಮೊದಲನೆಯದನ್ನು ಅರ್ಧ ತಿಂದು, ಚೆನ್ನಾಗಿದೆ ಎಂದು ತಲೆದೂಗಿ, ಇದರ ಮೂಲ ಯಾವುದಯ್ಯಾ ಎಂದು ಕೇಳಿದರು. ಗಣಿ ಲೈನಿನ ಒಬ್ಬ ಹೆಂಗಸಿನದು ಎಂದೆ.

"ಯಾವ ಜನ?"

ಹೇಳಿದೆ.

ಅವರು ಬಾಯಲ್ಲಿದ್ದುದನ್ನು ತಟ್ಟೆಗೆ ಉಗಿದರು. ಎದ್ದು ಹೋಗಿ ಹಂಡೆಯ ನೀರಿನಲ್ಲಿ ಬಾಯಿ ಮುಕ್ಕಳಿಸಿದರು. ಬೆರಳು ಹಾಕಿ ನಾಲಿಗೆ ಕೆರೆದು ಮತ್ತೆ ಮುಕ್ಕಳಿಸಿದರು. ಮಾಲೀಕ ಗಲ್ಲಾದಿಂದಲೇ ನನ್ನತ್ತ ಕಣ್ಣು ಕೆಕ್ಕರಿಸುತ್ತಿದ್ದ. ಅವರು ತಿರುಗಿ ಬರುವ ತನಕ ನಾನು ಅಲ್ಲೇ ನಿಂತಿದ್ದೆ. ಒಲೆಯಿಂದ ಆಗ ತಾನೇ ತೆಗೆದ ಕಾವಲಿಯನ್ನು ಹಲಗೆ ಸಮೇತ ಅವರ ಜಾಗದಲ್ಲಿ ಇಟ್ಟೆ. ಕೆನೆ ಇನ್ನೂ ಕರಗುತ್ತಿತ್ತು.

"ಎರಡು ಹೇಳಿದ್ರಲ್ಲ" ಎಂದೆ.